ಹಳೇಬೀಡು ಕಳೆದುಹೋದದ್ದು ಯಾವಾಗ?

ಅವತ್ತು ಹಾಸ್ಟೆಲ್ಲಿನ ನಮ್ಮ ಖೋಲಿಯಲ್ಲಿ ಐದು ಜನ ಇದ್ದೆವು. ಸಾಲ ಮಾಡಿ ಕೊಂಡ ಲ್ಯಾಪ್‌ಟಾಪ್ ಒಬ್ಬನದು, ಕಂಟ್ರೋಲರ್ ಇನ್ನೊಬ್ಬನದು, ಉಳಿದ ಮೂವರದು ಬರೀ ಬಾಯಿ. 2022ರ ಅಕ್ಟೋಬರ್‌ನಲ್ಲಿ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಗೇಮ್ ಕಂಪ್ಯೂಟರಿಗೆ ಬಂದಿತ್ತು. ಪ್ಲೇಸ್ಟೇಷನ್ ಇದ್ದವರು ಅದನ್ನು 2017ರ ಆಗಸ್ಟ್‌ನಲ್ಲೇ ಆಡಿದ್ದರು. ನಮ್ಮಂಥವರ ಪಾಲಿಗೆ ಬರಲು ಐದು ವರ್ಷ ಹಿಡಿಯಿತು. ತೆರೆಯ ಮೇಲೆ ಕ್ಲೋಯಿ ಫ್ರೇಜರ್ ಎಂಬ ನಾಯಕಿ ತನ್ನ ಇಂಗ್ಲಿಷಿನಲ್ಲಿ ‘ಹೊಯ್ಸಳ’ ಎಂದಳು. ಖೋಲಿಯಲ್ಲಿ ಸೀಟಿ ಬಿತ್ತು. ಮುಂದೆ ಹಳೇಬೀಡು ಬಂತು, ಬೇಲೂರು ಬಂತು. ಹಾಸನದ ಗೆಳೆಯ ಮಂಚದ ಮೇಲೆ ಎದ್ದು ನಿಂತು “ನಮ್ಮೂರು ಕಣ್ರೋ!” ಎಂದು ಕುಣಿದ.

ಗೇಮ್ ಆಡದ ಓದುಗರಿಗೆ ಕಥೆಯನ್ನು ಒಂದಿಷ್ಟು ಹೇಳಬೇಕು. ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಸಂಸ್ಥೆ ಮಾಡಿದ ಈ ಸರಣಿಯ ಆಟಗಳು ಅರ್ಧ ಸಿನಿಮಾ. ಓಡುವುದು, ಹತ್ತುವುದು, ಗುಂಡು ಹಾರಿಸುವುದು ನಮ್ಮ ಕೈಯಲ್ಲಿ. ನಡುನಡುವೆ ಆಟ ನಿಂತು ಪಾತ್ರಗಳು ತಮ್ಮ ಪಾಡಿಗೆ ಮಾತಾಡುತ್ತವೆ, ನಾವು ನೋಡುತ್ತ ಕೂಡುತ್ತೇವೆ. ಕ್ಲೋಯಿಯ ತಂದೆ ಭಾರತದವನು, ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಅವಳ ಜೊತೆಗಾತಿ ನಡೀನ್ ರಾಸ್, ದಕ್ಷಿಣ ಆಫ್ರಿಕಾದವಳು, ಬಾಡಿಗೆ ಸೈನಿಕರ ಪಡೆ ನಡೆಸಿದ್ದವಳು. ಇಬ್ಬರೂ ಪಶ್ಚಿಮ ಘಟ್ಟದಲ್ಲಿ ಹೊಯ್ಸಳರು ಬಚ್ಚಿಟ್ಟ ಗಣೇಶನ ದಂತ ಹುಡುಕುತ್ತಾರೆ. ಅಸಾವ್ ಎಂಬ ಬಂಡಾಯದ ನಾಯಕನಿಗೂ ಅದೇ ದಂತ ಬೇಕು, ಮಾರಿ ಬಾಂಬು ಕೊಳ್ಳಲು. ಇಷ್ಟು ಸಾಕು.

ಸೀಟಿ ನಿಂತ ಮೇಲೆ ತಪ್ಪು ಹುಡುಕುವ ಕೆಲಸ ಶುರುವಾಯಿತು. ಸಕಲೇಶಪುರದವನು ಒಂದೇ ಪ್ರಶ್ನೆ ಹಿಡಿದು ಕೂತ: “ಜಿಗಣೆ ಎಲ್ಲಿ?” ಘಟ್ಟ ಎನ್ನುತ್ತಾರೆ, ಹುಡುಗಿಯರು ಮೊಣಕಾಲುದ್ದ ಕೆಸರಲ್ಲಿ ಜೀಪು ಓಡಿಸುತ್ತಾರೆ, ಒಂದು ಜಿಗಣೆ ಹತ್ತಲಿಲ್ಲ, ಒಂದು ಕಾಫಿ ಗಿಡ ಕಾಣಲಿಲ್ಲ. ಇನ್ನೊಬ್ಬನಿಗೆ ದಂತದ ಕಥೆಯ ಬಗ್ಗೆ ಸಿಟ್ಟು. ಗೇಮಿನಲ್ಲಿ ಗಣೇಶನ ದಂತ ಮುರಿಯುವುದು ಪರಶುರಾಮನ ಕೊಡಲಿಯಿಂದ. “ಚಂದ್ರ ನಕ್ಕಿದ್ದಕ್ಕೆ ಮುರಿದು ಒಗೆದದ್ದಲ್ಲವೇನೋ? ಇವರು ಬಾಯಿಗೆ ಬಂದದ್ದು ಬರೆದಿದ್ದಾರೆ.” ನನಗೂ ಆಯಿ ಹೇಳಿದ್ದು ಚಂದ್ರನ ಕಥೆಯೇ: ಕಡುಬು ತಿಂದ ಹೊಟ್ಟೆ ಒಡೆದದ್ದು, ಹಾವನ್ನು ಸುತ್ತಿಕೊಂಡದ್ದು, ಮೇಲಿಂದ ಚಂದ್ರ ನಕ್ಕದ್ದು. ಆದರೆ ಪರಶುರಾಮನ ಕಥೆ ಅಮೆರಿಕದವರು ಹುಟ್ಟಿಸಿದ್ದಲ್ಲ, ಬ್ರಹ್ಮಾಂಡ ಪುರಾಣದಲ್ಲಿದೆ. ಆ ಕೊಡಲಿ ಶಿವನು ಕೊಟ್ಟದ್ದು. ಅಪ್ಪನ ಆಯುಧ ವ್ಯರ್ಥವಾಗಬಾರದೆಂದು ಮಗ ಪೆಟ್ಟನ್ನು ತನ್ನ ದಂತಕ್ಕೆ ತೆಗೆದುಕೊಳ್ಳುತ್ತಾನೆ. ಕ್ಲೋಯಿಯ ಅಪ್ಪ ಇದೇ ದಂತದ ಹುಚ್ಚಿಗೆ ಬಿದ್ದು ಮನೆಯನ್ನು ಕಡೆಗಣಿಸಿ, ಕೊನೆಗೆ ಅದೇ ಹುಡುಕಾಟದಲ್ಲಿ ಸತ್ತವನು. ಅಪ್ಪನ ಮೇಲಿನ ಸಿಟ್ಟು ಇನ್ನೂ ಆರದ ಮಗಳು ಅಪ್ಪನಿಗಾಗಿ ದಂತ ಕಳೆದುಕೊಂಡ ಮಗನ ಕಥೆಯನ್ನು ಹೇಳುತ್ತಾಳೆ. ನೂರು ಕಥೆಗಳಲ್ಲಿ ಬರಹಗಾರರು ಇದನ್ನೇ ಆರಿಸಿಕೊಂಡದ್ದು ಅಜ್ಞಾನವಲ್ಲ, ಓದು. ಈ ಗೇಮಿನಲ್ಲಿ ನಾನು ಮನಸಾರೆ ಮೆಚ್ಚುವುದು ಇದನ್ನು. ತಪ್ಪು ಹಿಡಿಯುವ ಅವಸರದಲ್ಲಿ ನಾವು ಅವತ್ತು ಇದನ್ನೇ ಬಿಟ್ಟೆವು.

ನಾನು ಅವತ್ತು ಹೆಚ್ಚು ಮಾತಾಡಲಿಲ್ಲ. ನನ್ನ ಊರು ಸಿಂದಗಿ ತಾಲೂಕಿನ ಮೋರಟಗಿ. ಭೀಮೆಗೂ ಕೃಷ್ಣೆಗೂ ನಡುವಿನ ಜೋಳ, ತೊಗರಿಯ ಸೀಮೆ. ಅಲ್ಲಿಂದ ಬೇಲೂರು ಸುಮಾರು 500 ಕಿ.ಮೀ. ‘ನಮ್ಮ ಹೊಯ್ಸಳರು’ ಎಂದು ನಾನು ಸೀಟಿ ಹೊಡೆದದ್ದು ಯಾವ ಹಕ್ಕಿನಿಂದ? 1190ರ ಸುಮಾರಿಗೆ ಗದಗ ಸೀಮೆಯ ಸೊರಟೂರಿನಲ್ಲಿ ಇಮ್ಮಡಿ ಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ. ನಮ್ಮೂರ ಕಡೆಯವರು ಯಾರಾದರೂ ಆ ಯುದ್ಧಕ್ಕೆ ಹೋಗಿದ್ದರೆ ಭಿಲ್ಲಮನ ಕಡೆಗೇ ಇದ್ದಿರಬೇಕು. ನನಗೆ ಹೊಯ್ಸಳರನ್ನು ಕೊಟ್ಟದ್ದು ಸಮಾಜ ವಿಜ್ಞಾನದ ಪುಸ್ತಕ ಮತ್ತು ಒಂಬತ್ತನೇ ಇಯತ್ತೆಯ ಪ್ರವಾಸದ ಬಸ್ಸು. ರಾತ್ರಿಯೆಲ್ಲ ಕೂತು, ಬೆಳಿಗ್ಗೆ ವಾಂತಿ ಮಾಡಿಕೊಂಡು, ಬೇಲೂರಲ್ಲಿ ಇಳಿದಿದ್ದೆವು. ಗೈಡು ಕೋಲಿನ ತುದಿಯಿಂದ ದರ್ಪಣಸುಂದರಿಯನ್ನು ತೋರಿಸಿದ. ನೋಡುವುದರೊಳಗೆ ಮಾಸ್ತರರು ಪೀಪಿ ಊದಿದರು, ಹಳೇಬೀಡು ಮುಗಿಸಿ ಶ್ರವಣಬೆಳಗೊಳ ಹತ್ತಬೇಕಿತ್ತು.

ಅದಕ್ಕೇ ಒಂದು ಮಾತು ಒಪ್ಪಿಕೊಳ್ಳಬೇಕು. ಕಲ್ಲಿನ ಮುಂದೆ ನಿಧಾನವಾಗಿ ನಿಲ್ಲುವುದನ್ನು ನನಗೆ ಮೊದಲು ಕಲಿಸಿದ್ದು ಪ್ರವಾಸವಲ್ಲ, ಈ ಗೇಮು. ಎಲ್ಲರೂ ಮಲಗಿದ ಮೇಲೆ ಒಬ್ಬನೇ ಕೂತು ಜೀಪನ್ನು ನದಿಯ ದಂಡೆಗೆ ನಿಲ್ಲಿಸಿ, ಫೋಟೋ ಮೋಡಿಗೆ ಹಾಕಿ, ಗೋಪುರದ ಮೇಲೆ ಬೀಳುವ ಸಂಜೆ ಬೆಳಕನ್ನು ನೋಡಿದ್ದೇನೆ. ಅವಸರ ಮಾಡುವವರು ಯಾರೂ ಇರಲಿಲ್ಲ. ಆ ಕಣಿವೆಯಲ್ಲಿ ಚದುರಿ ಬಿದ್ದ ಹನ್ನೊಂದು ಹೊಯ್ಸಳ ಮುದ್ರೆಗಳನ್ನು ಹುಡುಕುವ ಒಂದು ಉಪಕಥೆ ಇದೆ. ಕಥೆಗೆ ಅದು ಬೇಕಿಲ್ಲ, ಆಡುವವನು ಸುಮ್ಮನೆ ಅಲೆಯಲಿ ಎಂದು ಇಟ್ಟದ್ದು. ಇಂಥ ಆಟಗಳಲ್ಲಿ ಅಲೆದಾಟಕ್ಕೆ ಸಿಗುವ ಬಿಡುವು ದೊಡ್ಡದು.

ಆದರೆ ಆ ಕಲ್ಲು ಹೊಯ್ಸಳರ ಕಲ್ಲಲ್ಲ. ಗೇಮಿನ ಗಣೇಶ, ಶಿವ ಎಲ್ಲರೂ ಬೆಟ್ಟದಷ್ಟು ಎತ್ತರ. ಕತ್ತು ಮೇಲೆತ್ತಿ ನೋಡಬೇಕು, ಆಮೇಲೆ ಹಗ್ಗ ಎಸೆದು ಹತ್ತಬೇಕು. ಹೊಯ್ಸಳರ ಕೆಲಸ ಇದಕ್ಕೆ ಉಲ್ಟಾ. ಬಳಪದ ಕಲ್ಲು ಮೆತ್ತಗಿರುವುದರಿಂದ ಅವರು ಅದನ್ನು ಅಕ್ಕಸಾಲಿಯ ಹಾಗೆ ಕೊರೆದರು. ಹಳೇಬೀಡಿನ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ರಾಮಾಯಣ, ಮಹಾಭಾರತ. ನೋಡಬೇಕಾದರೆ ಬಗ್ಗಬೇಕು, ಹತ್ತಿರ ಹೋಗಬೇಕು, ನಕ್ಷತ್ರದ ಆಕಾರದ ಜಗತಿಯ ಮೇಲೆ ಸುತ್ತು ಹೊಡೆಯಬೇಕು. ಅಲ್ಲಿ ದೇವರ ಕೊರಳಿನ ಹಾರದ ಮಣಿಗಳ ನಡುವೆ ಗಾಳಿ ಆಡುವಷ್ಟು ಸಂದು ಬಿಟ್ಟಿದ್ದಾರೆ. ಇದನ್ನು ಅರವತ್ತು ಅಡಿಗೆ ಹಿಗ್ಗಿಸಿದರೆ ಹೊಯ್ಸಳ ಹೋಗಿ ಬೇರೇನೋ ಉಳಿಯುತ್ತದೆ. ಹಿಗ್ಗಿಸದಿದ್ದರೆ ಆಟವೇ ಇಲ್ಲ, ನಿಜ. ಗೇಮು ಶಿಲ್ಪವನ್ನು ಕೈ ಹಿಡಿಯಲು ಜಾಗ ಸಿಗುತ್ತದೆಯೋ ಇಲ್ಲವೋ ಎಂಬ ಕಣ್ಣಿನಿಂದ ನೋಡುತ್ತದೆ.

ಇಲ್ಲಿಗೇ ಬರುತ್ತದೆ ಬೂಟಿನ ಪ್ರಶ್ನೆ. ಕ್ಲೋಯಿ ದೇವರ ಸೊಂಡಿಲು ಹಿಡಿದು ತೋಳಿನ ಮೇಲೆ ಕಾಲಿಟ್ಟಾಗ ಖೋಲಿಯಲ್ಲಿ ಒಬ್ಬ “ಛೆ” ಎಂದ. ಅದನ್ನು ಭಕ್ತಿಯ ಗಾಯ ಎಂದು ದೊಡ್ಡದು ಮಾಡುವ ಮನಸ್ಸಿಲ್ಲ ನನಗೆ. ‘ಛೆ’ ಎಂದವನೇ ಮುಂದಿನ ನಿಮಿಷ ಕಂಟ್ರೋಲರ್ ಕಸಿದುಕೊಂಡು ತಾನೂ ಹತ್ತಿದ. ನನಗೆ ಕೊರೆದದ್ದು ಬೇರೆ. ಬೇಲೂರನ್ನು ನಾನು ಮೊದಲು ತಿಳಿದದ್ದು ಅಂಗಾಲಿನಿಂದ. ಚಪ್ಪಲಿ ಹೊರಗೆ ಬಿಟ್ಟು ಮಧ್ಯಾಹ್ನದ ಹಾಸುಗಲ್ಲಿನ ಮೇಲೆ ಹಾಸಿದ ನಾರಿನ ಚಾಪೆ ಹಿಡಿದು ನೆರಳಿನಿಂದ ನೆರಳಿಗೆ ಓಡಿದ್ದೆ. ಅಷ್ಟು ಸಿರಿವಂತ ಚಿತ್ರ, ಎಲೆ ಎಲೆಯೂ ಅಲುಗುವ ಕಾಡು. ಒಂದೇ ಒಂದು ಸಲ ಅಲ್ಲಿಯ ಕಲ್ಲು ಬಿಸಿ ಅನ್ನಿಸಲಿಲ್ಲ.

ಬಿಸಿ ಅನ್ನಿಸದಿರಲು ಕಾರಣ ತಂತ್ರಜ್ಞಾನವಲ್ಲ. ಅಲ್ಲಿ ಯಾರೂ ಓಡಾಡುವುದಿಲ್ಲ. ಗೇಮಿನ ಆರಂಭದಲ್ಲಿ ಒಂದು ಸಂತೆ ಇದೆ, ಮೀನು ಎಂಬ ಪುಟ್ಟ ಹುಡುಗಿ ಇದ್ದಾಳೆ, ಜೀವ ಇದೆ. ಘಟ್ಟಕ್ಕೆ ಹೋದ ಮೇಲೆ ಅಸಾವನ ಬಂದೂಕಿನವರನ್ನು ಬಿಟ್ಟರೆ ನರಪಿಳ್ಳೆ ಇಲ್ಲ. ಒಂದು ಗುಡಿಸಲಿಲ್ಲ, ದನ ಕಾಯುವವನಿಲ್ಲ, ದೀಪ ಹಚ್ಚುವವಳಿಲ್ಲ. ನಾನು ಆಡಿದಷ್ಟು ಹೊತ್ತು ಕನ್ನಡದ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಶೀರ್ಷಿಕೆಯಲ್ಲೇ ಇದೆಯಲ್ಲ, ‘ಲಾಸ್ಟ್’. ಕಳೆದುಹೋಗದ ಊರಿನಲ್ಲಿ ಈ ಕಥೆ ನಡೆಯುವುದಿಲ್ಲ. ದೋರಸಮುದ್ರ 1311ರಲ್ಲಿ ಮಲಿಕ್ ಕಾಫರನ ದಾಳಿ ಕಂಡಿತು, ಆಮೇಲೂ ಕಂಡಿತು, ಹಳೇಬೀಡು ಎಂಬ ಹೆಸರೇ ಅದರ ಗುರುತು. ಆದರೆ ಹಾಳಾಗುವುದು ಬೇರೆ, ಕಳೆದುಹೋಗುವುದು ಬೇರೆ. ಬೇಲೂರಿನ ಚೆನ್ನಕೇಶವನಿಗೆ ಇವತ್ತೂ ಪೂಜೆ ಇದೆ. ಹಾಸನದಿಂದ ಬಸ್ಸಿದೆ. ಆ ಎರಡೂ ಊರು ಮತ್ತು ಸೋಮನಾಥಪುರ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಯಾರಿಂದ ಕಳೆದುಹೋಗಿತ್ತು ಈ ಪರಂಪರೆ? ಹುಡುಕಲು ಬಂದವರಿಂದ ಮಾತ್ರ.

ಕ್ಲೋಯಿಯ ಕಸುಬನ್ನು ನಮ್ಮ ಮಾತಿಗೆ ತನ್ನಿ. ‘ಟ್ರೆಷರ್ ಹಂಟರ್’ ಎಂದರೆ ಮೈ ಜುಮ್ಮೆನ್ನುತ್ತದೆ. ‘ನಿಧಿಗಳ್ಳಿ’ ಎಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ನಮ್ಮ ಕಡೆ ಪೇಪರಿನ ಜಿಲ್ಲಾ ಪುಟ ಓದುವವರಿಗೆ ಈ ಶಬ್ದ ಹೊಸದಲ್ಲ.

ನನ್ನ ಸಂಶೋಧನೆ ಹಳ್ಳಿಗಳ ಸ್ಥಳಕಥೆಗಳ ಮೇಲೆ. ಗೇಮ್ ಆಡಿದ ಮರುವರ್ಷ ಕ್ಷೇತ್ರಕಾರ್ಯಕ್ಕೆಂದು ಒಂದು ಊರಿಗೆ ಹೋಗಿದ್ದೆ. ಊರ ಹೊರಗೆ ಚಾಲುಕ್ಯರ ಕಾಲದ ಕಂಬಗಳಿರುವ ಪಾಳು ಗುಡಿ. ವೀರಗಲ್ಲಿನ ಫೋಟೋ ತೆಗೆಯುತ್ತಿದ್ದಾಗ ಹಿಂದಿನಿಂದ ಒಬ್ಬ ಮುತ್ಯಾ ಬಂದ.

“ಯಾವೂರ ತಮ್ಮಾ?”

“ಮೋರಟಗಿ ಮುತ್ಯಾ. ಪಿಎಚ್.ಡಿ. ಮಾಡ್ಲಾಕ ಹತ್ತೀನಿ.”

“ಅದರಾಗ ಏನ ಸಿಗತೈತಿ?”

ನಾನು ಉತ್ತರ ಕೊಡುವುದಕ್ಕೆ ಮೊದಲೇ ಆತ ನನ್ನ ಮೊಬೈಲಿನ ಕಡೆ ನೋಡಿ, ಗುಡಿಯ ಒಳಗೆ ಕರೆದುಕೊಂಡು ಹೋಗಿ ನಂದಿಯನ್ನು ತೋರಿಸಿದ. ನಂದಿ ಒಂದು ಮಗ್ಗಲಿಗೆ ವಾಲಿತ್ತು. ಬುಡದಲ್ಲಿ ಎದೆಯುದ್ದದ ಕುಣಿ. “ನಿಮ್ಮಂಥವರ ಹಗಲಿ ಬಂದು ಫೋಟೋ ಹೊಡಕೊಂಡ ಹೋದ್ರು. ಎಂಟ ದಿನಕ್ಕ ರಾತ್ರಿ ಬಂದು ಬಸವಣ್ಣನ ಬುಡ ಅಗದಾರ. ಏನ ಸಿಕ್ಕಿರಬೇಕು ಹೇಳು? ಏನೂ ಇರಲಿಲ್ಲ ಅಲ್ಲಿ.” ಊರಿನವರು ಬಂದು ನನ್ನ ವಿಶ್ವವಿದ್ಯಾಲಯದ ಗುರುತಿನ ಚೀಟಿ ಕೈಯಿಂದ ಕೈಗೆ ದಾಟಿಸಿ ನೋಡಿದರು. ಚಹಾ ಕೊಟ್ಟರು. ಬಸ್ಸು ಹತ್ತುವವರೆಗೆ ಇಬ್ಬರು ಹುಡುಗರು ಜೊತೆಗೇ ಬಂದರು. ಬೀಳ್ಕೊಡಲೋ ಕಾವಲಿಗೋ, ಕೇಳಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ನನಗೆ ಕ್ಲೋಯಿಯ ಅಪ್ಪ ನೆನಪಾದ. ಗೇಮಿನಲ್ಲಿ ಅವನ ಹುಡುಕಾಟ ಪ್ರೀತಿಯ ಹೆಸರಿನಲ್ಲಿ ಬರುತ್ತದೆ; ಮನೆಯವರಿಗೆ ಅದು ಕೊಟ್ಟ ನೋವನ್ನು ಮಗಳು ಮರೆಯುವುದಿಲ್ಲ, ಅಲ್ಲಿಯವರೆಗೆ ಕಥೆ ಪ್ರಾಮಾಣಿಕ. ಆದರೆ ಅವನು ಅಗೆದ ಊರಿನವರು ಅವನನ್ನು ಏನೆಂದು ಕರೆದರು ಎಂದು ಕೇಳುವವರು ಅಲ್ಲಿಲ್ಲ, ಯಾಕೆಂದರೆ ಊರೇ ಇಲ್ಲ. ಕ್ಲೋಯಿ, ನಡೀನ್ ಒಂದು ಒಗಟು ಬಿಡಿಸಿ ಮುಂದೆ ಹೋಗುತ್ತಿದ್ದಂತೆ ಹಿಂದೆ ಕಂಬ ಕುಸಿಯುತ್ತದೆ, ನೆಲ ಬಾಯಿ ಬಿಡುತ್ತದೆ, ನಾವು ಉಸಿರು ಬಿಗಿಹಿಡಿದು ಜಿಗಿಯುತ್ತೇವೆ. ನನಗೂ ಆ ಜಿಗಿತ ಬಹಳ ಇಷ್ಟ, ಸುಳ್ಳು ಯಾಕೆ ಹೇಳಲಿ. ಮರುದಿನ ಬಂದು ಆ ಕುಣಿಯನ್ನು ನೋಡುವ ಮುತ್ಯಾ ಮಾತ್ರ ಅಲ್ಲಿ ಇರುವುದಿಲ್ಲ.

ಕೊನೆಗೆ ದಂತವನ್ನು ಮಾರದೆ ಭಾರತದ ಸಂಸ್ಕೃತಿ ಸಚಿವಾಲಯಕ್ಕೆ ಕೊಡುವ ಮಾತಾಗುತ್ತದೆ. ಈ ಸರಣಿಯ ಮಟ್ಟಿಗೆ ಅದು ಸಣ್ಣ ಬದಲಾವಣೆಯಲ್ಲ, ತಯಾರಕರ ಮನಸ್ಸಾಕ್ಷಿ ಎಲ್ಲೋ ಚುಚ್ಚಿದೆ. ಆದರೂ ದೆಹಲಿಗೇ ಯಾಕೆ ಎಂದರೆ, ಆ ಕಣಿವೆಯಲ್ಲಿ ತೆಗೆದುಕೊಳ್ಳಲು ಬೇರೆ ಯಾರನ್ನೂ ಉಳಿಸಿಲ್ಲವಲ್ಲ.

ದುಡ್ಡು, ಜನ, ಬೆಳಕು ಇದ್ದರೆ ಸಾಲದು ಎನ್ನಿಸಿದ್ದು 2023ರಲ್ಲಿ ಬಂದ ‘ವೆಣ್ಬಾ’ ಆಡಿದಾಗ. ಟೊರಾಂಟೊದ ಸಣ್ಣ ತಂಡದ ಕೆಲಸ. ಕೆನಡಾಕ್ಕೆ ಹೋದ ತಮಿಳು ತಾಯಿ ಅಡಿಗೆ ಮಾಡುತ್ತಾಳೆ, ಅಷ್ಟೇ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮಗ ಮರೆಯುತ್ತಿರುವ ಭಾಷೆ ಅಲ್ಲಿ ಇಡ್ಲಿಯ ಹಬೆಯಷ್ಟೇ ಹತ್ತಿರ. ಆ ಗೇಮಿಗೆ ಯಾರೂ ಸೀಟಿ ಹೊಡೆಯಲಿಲ್ಲ. ಖೋಲಿಯಲ್ಲಿ ಇಬ್ಬರು ಅವತ್ತು ಮನೆಗೆ ಫೋನ್ ಮಾಡಿದರು.

ಕಳೆದ ಬೇಸಿಗೆಯಲ್ಲಿ ಹಾಸನದ ಗೆಳೆಯನ ಮನೆಗೆ ಹೋದವನು ಮತ್ತೆ ಬೇಲೂರಿಗೆ ಹೋದೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಪಾದಪೀಠದಲ್ಲಿ ಬಿರುದಿನ ಸಮೇತ ಹೆಸರು ಬರೆದುಕೊಂಡಿದ್ದಾರೆ. ಗೇಮು ಮುಗಿದ ಮೇಲೆ ಉರುಳುವ ನೂರಾರು ಕಲಾವಿದರ ಹೆಸರುಗಳನ್ನು ನೋಡುವಾಗ ಇವರನ್ನೇ ನೆನೆದಿದ್ದೆ, ಆ ಅಕ್ಷರಗಳನ್ನು ಕಣ್ಣಾರೆ ಓದಬೇಕೆಂಬ ಆಸೆ. ಮದನಿಕೆಯರು ಇರುವುದು ಸೂರಿನ ಕೆಳಗೆ, ತಲೆಗಿಂತ ಎಷ್ಟೋ ಮೇಲೆ. ಮೊಬೈಲಿನಲ್ಲಿ ಹಿಗ್ಗಿಸಿದರೂ ಅಕ್ಷರ ಕೂಡಲಿಲ್ಲ. ಕಾಲು ಸುಡುತ್ತಿತ್ತು. ಗೋಡೆಯ ಬುಡದ ಆನೆಯ ಸಾಲು ಮೊಣಕಾಲ ಮಟ್ಟಕ್ಕಿತ್ತು, ಹೆಜ್ಜೆ ಇಡಲು ಹೇಳಿ ಮಾಡಿಸಿದ ಹಾಗೆ. ಒಂದು ಕಾಲು ಎತ್ತಿಟ್ಟು, ಕೈಗೆ ಸಿಕ್ಕಿದ ಚಾಚನ್ನು ಹಿಡಿದುಕೊಂಡೆ.

ಕಾವಲುಗಾರ ಪ್ರಾಂಗಣದ ಆ ತುದಿಯಿಂದಲೇ ಸೀಟಿ ಊದಿದ. “ಏನ್ ಹುಡುಕ್ತಿದೀರ ಅಲ್ಲಿ? ಇಳೀರಿ ಕೆಳಗೆ!”

ಇಳಿದೆ.