ನಾವಿಕ ಕುಲದ ಜಾಡು ಹಿಡಿದ ಕಡತಗಳು

ಇಂಗ್ಲೆಂಡಿನ ನಾವಿಕ ಕುಟುಂಬವೊಂದರ ವಂಶಾವಳಿ ಕಟ್ಟುವುದು ತಾಳ್ಮೆಯ ಕುಸುರಿ ಕೆಲಸ. 1538ರಲ್ಲಿ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಿಂದ ಶುರುವಾದ ಚರ್ಚಿನ ಪುಸ್ತಕಗಳು ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಗಳ ಲೆಕ್ಕ ಇಟ್ಟಿವೆ. ಕಡಲಿಗೆ ಇಳಿದವನು ಮಾತ್ರ ಎಷ್ಟೋ ಸಲ ಊರಿನ ಪುಸ್ತಕದಿಂದ ಕಾಣೆಯಾಗುತ್ತಾನೆ.

ಅಲ್ಲಿ ಕೈಹಿಡಿಯುವುದು ಹಡಗಿನ ಸಿಬ್ಬಂದಿ ಪಟ್ಟಿ. ಹೆಸರು, ವಯಸ್ಸು, ಹುಟ್ಟೂರು, ಹಿಂದೆ ದುಡಿದ ಹಡಗು ಎಲ್ಲವೂ ಅದರಲ್ಲುಂಟು. ಆ ಹಿಂದಿನ ಹಡಗಿನ ಹೆಸರೇ ಇನ್ನೊಂದು ಪಟ್ಟಿಗೆ ದಾರಿ. 1845ರಿಂದ ಕೆಲ ವರ್ಷ ನೀಡಿದ ನಾವಿಕರ ಟಿಕೆಟಿನ ದಾಖಲೆಯಲ್ಲಿ ಎತ್ತರ, ಕೂದಲ ಬಣ್ಣ, ಮೈಮೇಲಿನ ಗುರುತುಗಳೂ ಸಿಗುತ್ತವೆ.

1863ರಿಂದ 1938ರವರೆಗಿನ ಪಟ್ಟಿಗಳಲ್ಲಿ ಸುಮಾರು ಶೇ. 70ರಷ್ಟು ಇಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ. ಕ್ಯಾಪ್ಟನ್ನನ ಜತೆಗೆ ಅಡುಗೆಯವನ ಹೆಸರನ್ನೂ ಉಳಿಸಿದ ಈ ಕಡತಗಳು ಇತಿಹಾಸಕ್ಕೆ ಮಾಡಿದ ಉಪಕಾರ ದೊಡ್ಡದು.