ಸತ್ಯಾನ್ವೇಷಕನ ಮೌನ: ‘ದಿ ಎಕ್ಸ್ ಫೈಲ್ಸ್’ ಸರಣಿಯಲ್ಲಿ ಮರೆಮಾಚುವಿಕೆಯ ನೈತಿಕತೆ

ಪತ್ತೇದಾರಿ ಕಥನದಲ್ಲಿ ನಾಯಕನು ತನ್ನ ಜೊತೆಗಾರನಿಂದ ವಿಷಯಗಳನ್ನು ಮುಚ್ಚಿಡುವುದು ಹೊಸತಲ್ಲ. ಆರ್ಥರ್ ಕಾನನ್ ಡಾಯ್ಲ್‌ನ ಷರ್ಲಾಕ್ ಹೋಮ್ಸ್ ತಾನು ಸತ್ತಿರುವೆನೆಂದೇ ಮೂರು ವರ್ಷಗಳ ಕಾಲ ವಾಟ್ಸನ್ ನಂಬುವಂತೆ ಬಿಟ್ಟು, 1903ರಲ್ಲಿ ಪ್ರಕಟವಾದ ‘ದಿ ಎಂಪ್ಟಿ ಹೌಸ್’ ಕಥೆಯಲ್ಲಿ ಮರಳಿ ಪ್ರತ್ಯಕ್ಷನಾಗುತ್ತಾನೆ. ವಾಟ್ಸನ್ ಮೂರ್ಛೆ ಹೋಗುತ್ತಾನೆ, ಚೇತರಿಸಿಕೊಳ್ಳುತ್ತಾನೆ, ಕ್ಷಮಿಸುತ್ತಾನೆ. ಅಲ್ಲಿ ಮರೆಮಾಚುವಿಕೆಯು ಮುಖ್ಯವಾಗಿ ಕುತೂಹಲವನ್ನು ಕಾಯ್ದುಕೊಳ್ಳುವ ಕಥನತಂತ್ರ. ಮುಚ್ಚಿಟ್ಟ ಸತ್ಯವು ಜೊತೆಗಾರನ ಸ್ವಂತ ಬದುಕಿಗೇ ಸಂಬಂಧಿಸಿದ್ದಾದಾಗ ಮಾತ್ರ ತಂತ್ರದ ಪ್ರಶ್ನೆ ನೀತಿಯ ಪ್ರಶ್ನೆಯಾಗುತ್ತದೆ. ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1993ರಿಂದ 2002ರವರೆಗೆ ನಿರಂತರವಾಗಿ ಪ್ರಸಾರವಾಗಿ, 2016 ಮತ್ತು 2018ರಲ್ಲಿ ಪುನಃ ತೆರೆಗೆ ಬಂದ ‘ದಿ ಎಕ್ಸ್ ಫೈಲ್ಸ್’ ಸರಣಿ ಈ ಪ್ರಶ್ನೆಯ ಅಧ್ಯಯನಕ್ಕೆ ಅತ್ಯಂತ ಸಮೃದ್ಧವಾದ ಪಠ್ಯವಾಗಿದೆ.

ಕ್ರಿಸ್ ಕಾರ್ಟರ್ ರೂಪಿಸಿದ ಈ ಸರಣಿಯ ಕೇಂದ್ರದಲ್ಲಿ ಎಫ್‌ಬಿಐ ಸಂಸ್ಥೆಯ ಇಬ್ಬರು ತನಿಖಾಧಿಕಾರಿಗಳಿದ್ದಾರೆ. ಫಾಕ್ಸ್ ಮಲ್ಡರ್ ನಂಬಿಕೆಯವನು; ಅನ್ಯಗ್ರಹ ಜೀವಿಗಳ ಅಸ್ತಿತ್ವವನ್ನು ಸರ್ಕಾರದೊಳಗಿನ ಒಂದು ಗುಪ್ತಕೂಟ ಜನರಿಂದ ಮರೆಮಾಚುತ್ತಿದೆ ಎಂಬುದು ಅವನ ದೃಢ ವಿಶ್ವಾಸ. ವೈದ್ಯೆಯೂ ವಿಜ್ಞಾನಿಯೂ ಆದ ಡೇನಾ ಸ್ಕಲ್ಲಿ ಸಂದೇಹಿ. ಮಲ್ಡರ್‌ನ ಊಹೆಗಳನ್ನು ಸಾಕ್ಷ್ಯದ ಒರೆಗೆ ಹಚ್ಚುವುದು ಅವಳ ಕೆಲಸ. ಸತ್ಯವು ಹೊರಗೆ ಎಲ್ಲೋ ಇದೆ ಎಂಬರ್ಥದ ವಾಕ್ಯವೇ ಸರಣಿಯ ಘೋಷವಾಕ್ಯ. ಇಬ್ಬರೂ ಒಂದೇ ಸಾಕ್ಷ್ಯವನ್ನು ನೋಡಬೇಕು, ಭಿನ್ನವಾಗಿ ಓದಬೇಕು, ವಾದಿಸಬೇಕು; ಆಗ ಮಾತ್ರ ಸತ್ಯದ ಸಮೀಪಕ್ಕೆ ಹೋಗಬಹುದು ಎಂಬ ವಿಧಾನವನ್ನು ಸರಣಿ ಮೊದಲಿನಿಂದಲೂ ಸ್ಥಾಪಿಸುತ್ತದೆ. ಮಲ್ಡರ್‌ನ ಮೌನವನ್ನು ಅಳೆಯಬೇಕಾದದ್ದು ಈ ವಿಧಾನದ ಹಿನ್ನೆಲೆಯಲ್ಲಿ.

ಸೀಸೆಯ ಪ್ರಕರಣ

ಎರಡನೆಯ ವರ್ಷದ ಕಂತುಗಳಲ್ಲಿ (1994) ಸ್ಕಲ್ಲಿ ಅಪಹರಣಕ್ಕೊಳಗಾಗಿ ಹಿಂದಿರುಗುತ್ತಾಳೆ. ಆ ಅವಧಿಯಲ್ಲಿ ತನಗೆ ಏನಾಯಿತೆಂಬುದು ಅವಳಿಗೆ ಸ್ಪಷ್ಟವಾಗಿ ನೆನಪಿಲ್ಲ. 1997ರ ಫೆಬ್ರುವರಿ 9ರಂದು ಪ್ರಸಾರವಾದ ‘ಮೆಮೆಂಟೊ ಮೋರಿ’ ಕಂತಿನಲ್ಲಿ ಅವಳಿಗೆ ಕ್ಯಾನ್ಸರ್ ಇರುವುದು ತಿಳಿಯುತ್ತದೆ. ಆ ಸುದ್ದಿಯನ್ನು ಅವಳು ಮೊದಲು ಹೇಳುವುದು ಮಲ್ಡರ್‌ಗೆ. ಕಾರಣವನ್ನು ಹುಡುಕುತ್ತ ಸಂಶೋಧನಾಗಾರವೊಂದಕ್ಕೆ ನುಗ್ಗಿದ ಮಲ್ಡರ್‌ಗೆ, ಅಪಹೃತ ಮಹಿಳೆಯರಿಂದ ತೆಗೆದ ಅಂಡಾಣುಗಳನ್ನು ಅಲ್ಲಿ ಶೇಖರಿಸಿಟ್ಟಿರುವುದು ಗೊತ್ತಾಗುತ್ತದೆ. ಸ್ಕಲ್ಲಿಯ ಹೆಸರಿರುವ ಸೀಸೆಯೊಂದನ್ನು ಅವನು ಕೈಗೆತ್ತಿಕೊಳ್ಳುತ್ತಾನೆ. ಕಂತಿನ ಕೊನೆಯಲ್ಲಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು, ಸತ್ಯವೇ ನಮ್ಮಿಬ್ಬರನ್ನೂ ಕಾಪಾಡುವುದೆಂದು ಅವಳಿಗೆ ಭರವಸೆ ನೀಡುತ್ತಾನೆ. ಅವಳು ಒಳಗೆ ಹೋದ ಮೇಲೆ ಆ ಸೀಸೆಯನ್ನು ಜೇಬಿನಿಂದ ತೆಗೆದು ನೋಡುತ್ತಾನೆ. ಮಾತು ಮತ್ತು ಜೇಬು ಒಂದನ್ನೊಂದು ಸುಳ್ಳಾಗಿಸುವ ಈ ದೃಶ್ಯವು ಇಡೀ ಸರಣಿಯ ನೈತಿಕ ಗಂಟು.

ಈ ಮೌನವನ್ನು ಸಮರ್ಥಿಸುವುದು ಕಷ್ಟವಲ್ಲ. ಸಾವಿನೊಡನೆ ಸೆಣಸಲು ಹೊರಟವಳ ಮೇಲೆ ಇನ್ನೊಂದು ದುಃಖದ ಹೊರೆಯನ್ನು ಆ ಗಳಿಗೆಯಲ್ಲೇ ಹೊರಿಸಬೇಕಿರಲಿಲ್ಲ ಎಂಬುದು ಮಾನವೀಯ ವಾದ. ವೈದ್ಯಲೋಕವೂ ಬಹುಕಾಲ ಹೀಗೆಯೇ ಯೋಚಿಸುತ್ತಿತ್ತು. 1961ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡೊನಾಲ್ಡ್ ಓಕನ್ ಅವರ ಸಮೀಕ್ಷೆಯ ಪ್ರಕಾರ, ನೂರಕ್ಕೆ ಸುಮಾರು 90ರಷ್ಟು ವೈದ್ಯರು ಕ್ಯಾನ್ಸರ್ ಇರುವುದನ್ನು ರೋಗಿಗೆ ತಿಳಿಸದಿರಲು ಒಲವು ತೋರಿದ್ದರು. 1979ರ ಇನ್ನೊಂದು ಸಮೀಕ್ಷೆಯ ಹೊತ್ತಿಗೆ ಸ್ಥಿತಿ ತಲೆಕೆಳಗಾಗಿ, 97ರಷ್ಟು ವೈದ್ಯರು ತಿಳಿಸಬೇಕೆಂಬ ಪಕ್ಷ ವಹಿಸಿದರು. ದೇಹ ಯಾರದೋ ಅದರ ಸತ್ಯವೂ ಅವರದೇ ಎಂಬ ಅರಿವು ಈ ಎರಡು ದಶಕಗಳ ನಡುವೆ ಬೇರೂರಿತು. ಮಲ್ಡರ್‌ನ ನಿರ್ಧಾರವು 1997ರಲ್ಲಿ ನಡೆದರೂ ಅದರ ಮನೋಧರ್ಮ 1961ರದು. ಅದೂ ಸ್ವತಃ ವೈದ್ಯೆಯಾದವಳ ವಿಷಯದಲ್ಲಿ.

ಮಲ್ಡರ್‌ನೇ ವಿಧಿಸಿದ ನಿಯಮ

ಮಲ್ಡರ್‌ನ ವಿರುದ್ಧ ಅತ್ಯಂತ ಬಲವಾದ ಸಾಕ್ಷ್ಯ ಹೊರಗಿನಿಂದ ಬರಬೇಕಾಗಿಲ್ಲ. ಅದೇ ವರ್ಷದ ಮೇ 4ರಂದು ಪ್ರಸಾರವಾದ ‘ಎಲೆಜಿ’ ಕಂತಿನಲ್ಲಿ ಸ್ಕಲ್ಲಿಗೆ ಮೃತಳಾದ ಯುವತಿಯೊಬ್ಬಳ ಛಾಯೆ ಕಾಣಿಸುತ್ತದೆ. ಅಂತಹ ದರ್ಶನ ಸಾವಿನ ಹತ್ತಿರವಿರುವವರಿಗೆ ಮಾತ್ರ ಆಗುತ್ತದೆಂಬ ಸುಳಿವಿರುವುದರಿಂದ ಅವಳು ಅದನ್ನು ಮಲ್ಡರ್‌ನಿಂದ ಮುಚ್ಚಿಡುತ್ತಾಳೆ. ಕೊನೆಗೆ ಅವಳು ಒಪ್ಪಿಕೊಂಡಾಗ ಮಲ್ಡರ್ ಕೊಡುವ ತೀರ್ಪು ನಿಷ್ಠುರವಾದದ್ದು: ಏನನ್ನು ನಂಬಬೇಕೆಂಬುದು ಅವಳ ಸ್ವಾತಂತ್ರ್ಯ, ಆದರೆ ಸತ್ಯವನ್ನು ತನ್ನಿಂದ ಮರೆಮಾಚುವುದು ತನ್ನ ವಿರುದ್ಧವೂ ಅವಳದೇ ವಿರುದ್ಧವೂ ಕೆಲಸ ಮಾಡಿದಂತೆ. ಸೀಸೆಯನ್ನು ಜೇಬಿಗಿಳಿಸಿ ಆಗ ಮೂರು ತಿಂಗಳೂ ಕಳೆದಿರಲಿಲ್ಲ. ಎರಡೂ ಕಂತುಗಳ ಬರವಣಿಗೆಯಲ್ಲಿ ಜಾನ್ ಶೈಬನ್ ಇದ್ದುದರಿಂದ ಇದನ್ನು ಲೇಖಕರು ಬದಲಾದುದರಿಂದ ಉಂಟಾದ ಅಸಂಗತತೆಯೆಂದು ತಳ್ಳಿಹಾಕುವುದು ಸುಲಭವಲ್ಲ. ಮಲ್ಡರ್ ಸ್ಕಲ್ಲಿಗೆ ವಿಧಿಸುವ ನಿಯಮ ಸರಿಯಾದುದೇ. ತನ್ನನ್ನು ಅದರಿಂದ ಹೊರಗಿಟ್ಟುಕೊಂಡದ್ದು ಅವನ ದೋಷ.

ರಕ್ಷಣೆಯ ಹೆಸರಿನ ಮೌನ ಹೇಗೆ ಸರಪಳಿಯಾಗಿ ಬೆಳೆಯುತ್ತದೆಂಬುದನ್ನು ಸರಣಿ ಇನ್ನೊಂದು ಪಾತ್ರದ ಮೂಲಕವೂ ತೋರಿಸುತ್ತದೆ. ಸ್ಕಲ್ಲಿಯನ್ನು ಉಳಿಸಲು ಗುಪ್ತಕೂಟದೊಡನೆ ಒಪ್ಪಂದಕ್ಕಿಳಿಯದಂತೆ ಮಲ್ಡರ್‌ನನ್ನು ತಡೆದ ಮೇಲಧಿಕಾರಿ ಸ್ಕಿನ್ನರ್, ತಾನೇ ರಹಸ್ಯವಾಗಿ ಆ ಒಪ್ಪಂದ ಮಾಡಿಕೊಳ್ಳುತ್ತಾನೆ. ಅದರ ಬೆಲೆಯಾಗಿ ‘ಝೀರೋ ಸಮ್’ (1997) ಕಂತಿನಲ್ಲಿ ಅಪರಾಧದ ಸಾಕ್ಷ್ಯವನ್ನು ತನ್ನ ಕೈಯಾರೆ ಅಳಿಸಬೇಕಾಗುತ್ತದೆ. ಒಳ್ಳೆಯ ಉದ್ದೇಶದ ಗುಟ್ಟು ಕೂಟದ ಗುಟ್ಟಿಗೆ ಊಳಿಗ ಮಾಡತೊಡಗುತ್ತದೆ.

ಕಂತುಗಳಲ್ಲಿ ಸಿಕ್ಕ ಸತ್ಯ

‘ಎಮಿಲಿ’ (1997ರ ಡಿಸೆಂಬರ್) ಕಂತಿನಲ್ಲಿ ಸ್ಕಲ್ಲಿಗೆ ತನ್ನದೇ ಅಂಡಾಣುವಿನಿಂದ ಸೃಷ್ಟಿಸಲ್ಪಟ್ಟ ಮಗುವೊಂದು ಎದುರಾಗುತ್ತದೆ. ಮಗುವಿನ ಪಾಲನೆಯ ಹಕ್ಕಿನ ವಿಚಾರಣೆಯ ಸಂದರ್ಭದಲ್ಲಿ, ತಾನು ಅರಿತಿದ್ದುದನ್ನು ಮಲ್ಡರ್ ಬಾಯಿಬಿಡಬೇಕಾಗುತ್ತದೆ; ಅವಳನ್ನು ರಕ್ಷಿಸುತ್ತಿದ್ದೇನೆಂದು ಭಾವಿಸಿದ್ದೆ ಎಂಬುದು ಅವನ ಸಮಜಾಯಿಷಿ. 2001ರ ಫೆಬ್ರುವರಿಯಲ್ಲಿ ಬಂದ ‘ಪರ್ ಮಾನಮ್’ ಕಂತಿನ ಹಿನ್ನೋಟದಲ್ಲಿ, ಅಂಡಾಣುಗಳನ್ನು ತಾನು ಪಡೆದುಕೊಂಡಿದ್ದನ್ನೂ ಅವು ಫಲಕಾರಿಯಲ್ಲವೆಂದು ತನಗೆ ತಿಳಿಸಲಾಗಿದ್ದನ್ನೂ ಹೇಳುತ್ತಾನೆ. ಎರಡು ಕಂತುಗಳು ಕಾಲಾನುಕ್ರಮದಲ್ಲಿ ಸಲೀಸಾಗಿ ಹೊಂದುವುದಿಲ್ಲ. ಆದರೂ ಒಟ್ಟಿಗೆ ಓದಿದಾಗ ಸತ್ಯವನ್ನು ಅವನು ಹಂಚಿಹಂಚಿ ಕೊಟ್ಟನೆಂಬ ಚಿತ್ರ ಮೂಡುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಸ್ಕಲ್ಲಿಯ ಪ್ರತಿಕ್ರಿಯೆ. ಅವಳು ಕುಸಿಯುವುದಿಲ್ಲ, ಇನ್ನೊಬ್ಬ ತಜ್ಞನ ಅಭಿಪ್ರಾಯ ಕೇಳುತ್ತಾಳೆ. ಆ ಅಭಿಪ್ರಾಯ ಮೊದಲಿನದಕ್ಕಿಂತ ಭಿನ್ನವಾಗಿ ಆಸೆಯ ಬಾಗಿಲು ತೆರೆಯುತ್ತದೆ. ಪ್ರಯತ್ನ ಫಲಿಸದಿದ್ದರೂ ವಾದ ಸೋಲುವುದಿಲ್ಲ. ಮಲ್ಡರ್ ಮುಚ್ಚಿಟ್ಟದ್ದು ‘ಸತ್ಯ’ವನ್ನಲ್ಲ, ಒಂದು ತೀರ್ಪನ್ನು; ಪ್ರಶ್ನಿಸಬಲ್ಲವಳ ಕಣ್ಣಿಗೆ ಬೀಳದೆ ಆ ತೀರ್ಪು ಸತ್ಯದ ವೇಷ ತೊಟ್ಟು ಕುಳಿತಿತ್ತು. ಮರೆಮಾಚುವಿಕೆಯಿಂದ ಜೊತೆಗಾತಿಗೆ ಆದಷ್ಟೇ ಹಾನಿ ಅನ್ವೇಷಣೆಗೂ ಆಯಿತು. ಸಂದೇಹಿಯನ್ನು ಹೊರಗಿಟ್ಟ ನಂಬಿಕೆಯವನು ಅರ್ಧ ತನಿಖಾಧಿಕಾರಿ ಮಾತ್ರ.

2000ದ ನವೆಂಬರ್‌ನಲ್ಲಿ ಪ್ರಸಾರವಾದ ‘ವಿದಿನ್’ ಕಂತು ಇದನ್ನೇ ಇನ್ನಷ್ಟು ಕಹಿಯಾಗಿ ಪುನರುಚ್ಚರಿಸುತ್ತದೆ. ಮಲ್ಡರ್ ಕಣ್ಮರೆಯಾದ ಮೇಲೆ, ಅವನು ಮಾರಕ ರೋಗವೊಂದನ್ನು ಅವಳಿಂದ ಬಚ್ಚಿಟ್ಟಿದ್ದನೆಂಬುದನ್ನು ಸ್ಕಲ್ಲಿ ಅಪರಿಚಿತ ಅಧಿಕಾರಿಯೊಬ್ಬನಿಂದ ತಿಳಿಯಬೇಕಾಗುತ್ತದೆ. ತನ್ನ ಕ್ಯಾನ್ಸರಿನ ಸುದ್ದಿಯನ್ನು ಮೊದಲು ಅವನಿಗೇ ಹೇಳಿದವಳಿಗೆ ದೊರೆತ ಪ್ರತಿಫಲ ಇದು.

ಲೋಕಾಂತ್ಯದ ದಿನಾಂಕ

2002ರ ಮೇ 19ರಂದು ಪ್ರಸಾರವಾದ ‘ದಿ ಟ್ರೂತ್’ ಕಂತಿನಲ್ಲಿ ಮಲ್ಡರ್ 2012ರ ಡಿಸೆಂಬರ್ 22ರಂದು ಅನ್ಯಗ್ರಹ ಜೀವಿಗಳ ಆಕ್ರಮಣ ನಡೆಯಲಿದೆಯೆಂದು ತಿಳಿದುಕೊಳ್ಳುತ್ತಾನೆ. ಮರಣದಂಡನೆಯ ಭಯವಿರುವ ವಿಚಾರಣೆಯಲ್ಲೂ ಅದನ್ನು ನುಡಿಯುವುದಿಲ್ಲ, ಸ್ಕಲ್ಲಿಗೂ ಹೇಳುವುದಿಲ್ಲ. ಕೊನೆಗೆ ಅವಳಿಗೆ ಅದನ್ನು ತಿಳಿಸುವವನು ಅವರಿಬ್ಬರ ಚಿರಶತ್ರುವಾದ ಸಿಗರೇಟುಧಾರಿ. ಒಂಬತ್ತು ವರ್ಷ ಸತ್ಯಕ್ಕಾಗಿ ಹೋರಾಡಿದವಳು ಅದನ್ನು ಶತ್ರುವಿನ ಬಾಯಿಂದ, ಗೆಳೆಯನ ದೌರ್ಬಲ್ಯದ ಪುರಾವೆಯಾಗಿ ಪಡೆಯುತ್ತಾಳೆ. ಸತ್ಯವನ್ನು ತಡೆಹಿಡಿದವನು ಅದು ಯಾವ ಬಾಯಿಂದ ಹೊರಬೀಳಬೇಕೆಂಬುದನ್ನು ನಿರ್ಧರಿಸಲಾರ.

ಈ ಮೌನಕ್ಕೆ ದೇಹದ ಹಕ್ಕಿನ ವಾದ ಅನ್ವಯಿಸುವುದಿಲ್ಲ. ಇದು ಸಮಸ್ತ ಮನುಕುಲದ ವಿಷಯ. ಆದರೆ ಜನರು ಸತ್ಯವನ್ನು ತಾಳಿಕೊಳ್ಳಲಾರರು ಎಂಬ ಊಹೆ ಎಲ್ಲ ರಹಸ್ಯಕೂಟಗಳ ಆಶ್ರಯತಾಣ. ಅವಳ ಧೈರ್ಯ ಕುಸಿಯಬಹುದೆಂದು ಅಂಜಿ ಮೌನ ತಾಳಿದ ಮಲ್ಡರ್, ತನಗರಿವಿಲ್ಲದೆಯೇ ಅದೇ ತರ್ಕವನ್ನು ಎರವಲು ಪಡೆಯುತ್ತಾನೆ. ಸಿಸೆಲಾ ಬೊಕ್ 1978ರ ‘ಲೈಯಿಂಗ್’ ಕೃತಿಯಲ್ಲಿ ಮಂಡಿಸಿದ ಒರೆಗಲ್ಲು ಇಲ್ಲಿ ಉಪಯುಕ್ತ: ವಂಚನೆಗೊಳಗಾದವರೂ ಸೇರಿದ ವಿವೇಕಿಗಳ ಮುಂದೆ ಬಹಿರಂಗವಾಗಿ ಸಮರ್ಥಿಸಿಕೊಳ್ಳಲು ಸಾಧ್ಯವೇ? ಸ್ಕಲ್ಲಿಯ ಎದುರು ಈ ಸಮರ್ಥನೆ ನಿಲ್ಲುವುದಿಲ್ಲ. ಏಕೆಂದರೆ ದಿನಾಂಕವನ್ನು ತಿಳಿದ ಮೇಲೂ ಅವಳು ಅವನ ಪಕ್ಕದಲ್ಲೇ ಇದ್ದಾಳೆ, ಸೋಲನ್ನು ಒಪ್ಪಿಲ್ಲ. ಅಂತಿಮ ದೃಶ್ಯದಲ್ಲಿ ಇಬ್ಬರೂ ಆಸೆಯ ಮಾತಾಡುವುದು ಗುಟ್ಟು ಮುರಿದ ಬಳಿಕವೇ.

ಉಪಸಂಹಾರ

ಈ ವಿವೇಚನೆಯಿಂದ ಹೊರಡುವ ನಿಲುವು ಸರಳ ನಿಷೇಧವಲ್ಲ. ಕಾಂಟ್ 1797ರ ತನ್ನ ಪ್ರಬಂಧದಲ್ಲಿ ವಾದಿಸಿದಂತೆ ಎಂತಹ ಸನ್ನಿವೇಶದಲ್ಲೂ ಸತ್ಯದಿಂದ ಕದಲಬಾರದೆಂಬ ಕಾಠಿಣ್ಯ ಆಸ್ಪತ್ರೆಯ ಮೊಗಸಾಲೆಗೆ ಒಗ್ಗುವುದಿಲ್ಲ. ಹೇಳಲು ಹೊತ್ತು ನೋಡುವುದು ಕರುಣೆ. ಆದರೆ 1997ರ ಕೊನೆಗೆ ಸ್ಕಲ್ಲಿ ಕ್ಯಾನ್ಸರಿನಿಂದ ಚೇತರಿಸಿಕೊಂಡ ಮೇಲೂ ಮಲ್ಡರ್ ತಾನಾಗಿ ಆ ಹೊತ್ತನ್ನು ಹುಡುಕಲಿಲ್ಲ. ಪರಿಸ್ಥಿತಿ ಅವನಿಂದ ಮಾತು ಕಸಿಯಿತು. ವಿಳಂಬಕ್ಕೆ ಗಡುವಿದ್ದಾಗ ಅದು ಕರುಣೆ, ಗಡುವಿಲ್ಲದಾಗ ಅಧಿಕಾರ. ಮಲ್ಡರ್‌ನ ಪ್ರೀತಿಯನ್ನು ಸರಣಿ ಎಲ್ಲಿಯೂ ಸಂಶಯಿಸುವುದಿಲ್ಲ, ಪ್ರೇಕ್ಷಕನೂ ಸಂಶಯಿಸಬೇಕಾಗಿಲ್ಲ. ಅವನು ತಪ್ಪಿದ್ದು ಜೊತೆಗಾತಿಯ ಶಕ್ತಿಯನ್ನು ಅಳೆಯುವುದರಲ್ಲಿ. ಸರ್ಕಾರದ ಮುಚ್ಚಿದ ಕಡತಗಳನ್ನು ತೆರೆಯಲು ಬದುಕನ್ನೇ ಒತ್ತೆಯಿಟ್ಟವನು, ಅವಳ ಹೆಸರಿದ್ದ ಕಡತವನ್ನು ತೆರೆಯುವ ಹಕ್ಕನ್ನು ಅವಳಿಗೇ ಬಿಟ್ಟುಕೊಡಬೇಕಿತ್ತು.