ಎಲೆ ಬಸಿಯುವ ಅರ್ಧ ಲೋಟ

ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆ ಬೇಸಿಗೆಯ ನೀರಿನ ಮಾತು ಕೊಳವೆಬಾವಿಯ ಆಳದಿಂದ ಶುರುವಾಗಿ ಫ್ಲೋರೈಡಿಗೆ ಬಂದು ನಿಲ್ಲುತ್ತದೆ. ಕರೆಂಟು ಕೈಕೊಟ್ಟು ಶುದ್ಧ ನೀರಿನ ಘಟಕ ಮುಚ್ಚಿತು, ಟ್ಯಾಂಕರೂ ಬರಲಿಲ್ಲ ಅನ್ನಿ. ಆಗ ಕೊರಟಗೆರೆ, ಮಧುಗಿರಿಯಂಥ ಪೇಟೆಯವರಿಗೆ ಹಿತ್ತಲ ಗಿಡಮರ ಎಷ್ಟು ನೀರು ಕೊಟ್ಟೀತು?

ವಿಧಾನ ಸುಲಭ. ಬೆಳಗಿನಿಂದಲೇ ಬಿಸಿಲು ಬೀಳುವ ಸೊಂಪಾದ ಕೊಂಬೆ ಆರಿಸಿ, ಧೂಳು ಕೊಡವಿ. ಬಣ್ಣವಿಲ್ಲದ ದೊಡ್ಡ ಪ್ಲಾಸ್ಟಿಕ್ ಕವರ್ ತೊಡಿಸಿ, ಒಳಗೊಂದು ತೊಳೆದ ಕಲ್ಲು ಹಾಕಿ, ಬಾಯಿಗೆ ಬಿಗಿಯಾಗಿ ದಾರ ಸುತ್ತಿ. ಕಲ್ಲಿನ ಭಾರಕ್ಕೆ ಒಂದು ಮೂಲೆ ಜೋತು ಬೀಳಬೇಕು. ಸ್ವಲ್ಪ ಹೊತ್ತಿಗೆ ಕವರಿನ ಒಳಮೈ ಮಬ್ಬಾಗುತ್ತದೆ. ಆಮೇಲೆ ಹನಿ ಹನಿಗೆ ಅಂಟಿಕೊಂಡು ಜಾರಿ, ಮೂಲೆಯಲ್ಲಿ ನೀರು ನಿಲ್ಲುತ್ತದೆ. ಬೇರು ಹೀರಿದ್ದನ್ನು ಎಲೆ ಆವಿಯಾಗಿ ಬಿಡುವುದರಿಂದ ಉಪ್ಪು, ಫ್ಲೋರೈಡು ಹಿಂದೆಯೇ ಉಳಿಯುತ್ತವೆ. ಗಡುಸು ನೀರಿಗೆ ಪಳಗಿದ ನಮ್ಮ ನಾಲಿಗೆಗೆ ಇದು ಬರೀ ಸಪ್ಪೆ, ಜೊತೆಗೆ ಹಸಿ ಸೊಪ್ಪಿನ ವಾಸನೆ. ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯುವುದು ಕ್ಷೇಮ.

ಯಾವ ಮರ? ಚಿಗುರನ್ನೋ ಸೊಪ್ಪನ್ನೋ ನಾವು ತಿನ್ನುವ ಹುಣಸೆ, ನುಗ್ಗೆ ಲೇಸು, ಸೀಬೆಯೂ ಆದೀತು. ಔಷಧಿ ಹೊಡೆದ ಗಿಡ ಬೇಡ. ಕಣಗಿಲೆ, ಎಕ್ಕ, ಉಮ್ಮತ್ತಿಯ ಹತ್ತಿರವೂ ಸುಳಿಯಬೇಡಿ. ಸಿನಿಮಾದಲ್ಲಿ ಕಂಡದ್ದು ನೆನಪಾಗಿ ಬೇಲಿಯ ಕಳ್ಳಿ ಕೊಯ್ದೀರಿ, ಜೋಕೆ! ಅದರ ಹಾಲು ಹೊಟ್ಟೆಗೆ ವಿಷ, ಸಿಡಿದರೆ ಕಣ್ಣಿಗೇ ಕುತ್ತು. ಕತ್ತಾಳೆಯ ರಸ ತಾಗಿದರೂ ಮೈ ತುರಿಸುತ್ತದೆ.

ಬಾಳೆ ಇದ್ದರೆ ಇನ್ನೂ ಅನುಕೂಲ. ಗೊನೆ ಕಡಿದ ಮೇಲೆ ನೆಲದಿಂದ ಒಂದಡಿ ದಿಂಡು ಬಿಟ್ಟು, ನಡುವೆ ಬಟ್ಟಲಿನಂತೆ ಕೊರೆದರೆ ಬೇರಿನಿಂದ ನೀರು ಒಸರುತ್ತದೆ. ಮೊದಲ ಎರಡು ಮೂರು ಸಲದ್ದು ಒಗರು, ಕಹಿ; ಅದನ್ನು ಚೆಲ್ಲಿ, ಮುಂದಿನದನ್ನು ಬಳಸಿ. ಎಲ್ಲಕ್ಕೂ ಮಿಗಿಲು ನಮ್ಮ ತೆಂಗು. ಒಡೆಯದ ಎಳನೀರು ಸೋಸುವ, ಕಾಯಿಸುವ ಗೊಡವೆಯಿಲ್ಲದ ಚೊಕ್ಕ ನೀರು. ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ಕಾಯಿಲೆಯವರು ಮಾತ್ರ ದೂರವಿರಬೇಕು.

1965ರಲ್ಲಿ ಅಮೆರಿಕದ ಜಾಕ್ಸನ್ ಮತ್ತು ವಾನ್ ಬಾವೆಲ್ ಎಂಬ ವಿಜ್ಞಾನಿಗಳು ಗುಂಡಿ ತೋಡಿ, ಹಸಿ ಗಿಡ ತುಂಬಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ನೀರು ಇಳಿಸುವ ದಾರಿಯನ್ನೂ ತೋರಿಸಿದರು. ನಮ್ಮ ಗಟ್ಟಿ ನೆಲದಲ್ಲಿ ಅಷ್ಟು ಅಗೆದರೆ ಸುರಿಯುವ ಬೆವರೇ ಜಾಸ್ತಿ.

ಈಗ ಲೆಕ್ಕ ಹಾಕೋಣ. ಒಂದು ಕವರಿಗೆ ಸಂಜೆಯೊಳಗೆ ಅರ್ಧ ಲೋಟ, ಅಂದರೆ ಸುಮಾರು 100 ಮಿಲಿಲೀಟರ್ ಸಿಕ್ಕರೆ ಪುಣ್ಯ. ದಿನಕ್ಕೆ ತಲೆಗೆ 2 ಲೀಟರ್ ಅಂದರೂ ಐದು ಜನರ ಮನೆಗೆ 100 ಕವರ್ ಬೇಕು! ಗಂಟಲು ಒಣಗಿದ ಒಬ್ಬನಿಗೆ ಒಂದು ಗುಟುಕಿಗೆ ಇದು ಸರಿ, ಸಂಸಾರಕ್ಕಲ್ಲ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಿರಿಯರು ನೀರಿಗಾಗಿ ಮರಳು ಪದರದಲ್ಲಿ ತಲಪರಿಗೆ ತೋಡಿದರು. ತಾನಾಗಿ ಜಿನುಗುವ ಆ ಒರತೆಗೆ ಮೋಟಾರೂ ಬೇಡ, ಕರೆಂಟೂ ಬೇಡ. ಕವರ್ ಕಟ್ಟುವುದನ್ನು ಮಕ್ಕಳಿಗೆ ಕಲಿಸಿ. ಅದಕ್ಕೂ ಮೊದಲು ನಿಮ್ಮೂರಿನ ತಲಪರಿಗೆಯ ಹೂಳು ತೆಗೆಸಿ.